ಬಣ್ಣ ಕೆರೆಯುವ ಮೊದಲು

ಪ್ರಿಯ ಓದುಗ ಮಿತ್ರರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಎರಡು ಸಲ ಓದಿದೆ. ಉಳಿದ ಓದುಗರಿಗೂ ತಿಳಿಯಲಿ ಅಂತ ನಿಮ್ಮ ಮಾತನ್ನು ಇಲ್ಲಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ 1966ರ ಜಾಗ್ವಾರ್ ಇ-ಟೈಪ್ ಕಾರು ಇದೆ, 4.2 ಲೀಟರ್ ಎಂಜಿನಿನದು. ಇಪ್ಪತ್ತು ವರ್ಷದಿಂದ ನೀವೇ ಓಡಿಸುತ್ತಿದ್ದೀರಿ. ಬಣ್ಣ ಕಾರ್ಖಾನೆಯದೇ. ಈಗ ಮಂಕಾಗಿದೆ, ಬಾಗಿಲಿನ ಅಂಚಿನಲ್ಲಿ ಚಕ್ಕೆ ಎದ್ದಿದೆ. ಎಂಜಿನ್ ಮಾತ್ರ ಹಿಂದಿನ ಮಾಲೀಕರ ಕಾಲದಲ್ಲೇ ಬದಲಾಗಿದೆ. ಪೇಂಟರ್ ಬಂದು ನೋಡಿ, ತಗಡು ಕಾಣುವವರೆಗೂ ಕೆರೆದು ಹೊಸದಾಗಿ ಹೊಡೆದುಬಿಡೋಣ ಅಂದಿದ್ದಾರೆ. ಅಷ್ಟರಲ್ಲಿ ನೀವೊಂದು ಹರಾಜು ನೋಡಿದಿರಿ. ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಾರಿಗಿಂತ ಬಣ್ಣ ಮಾಸಿದ, ಸೀಟು ಹರಿದ ಕಾರಿಗೇ ಜಾಸ್ತಿ ಬೆಲೆ ಬಂತು. "ಚೆನ್ನಾಗಿ ನೋಡಿಕೊಂಡವನಿಗೆ ಕಡಿಮೆ, ಮೂಲೆಗೆ ತಳ್ಳಿದವನಿಗೆ ಜಾಸ್ತಿ! ಈ ಒರಿಜಿನಲ್ ಅನ್ನೋದೆಲ್ಲ ಹರಾಜಿನವರು ಕಟ್ಟಿದ ಕತೆ ಅಲ್ವಾ? ಹಾಗಾದರೆ ಎಂಜಿನ್ ಬದಲಾದ ನನ್ನ ಕಾರು ನಕಲಿಯಾ?" ಅಂತ ಕೇಳಿದ್ದೀರಿ.

ಮೊದಲು ಪೇಂಟರ್ ವಿಷಯ. ದಯವಿಟ್ಟು ಈಗಲೇ ಅವರಿಗೊಂದು ಫೋನ್ ಮಾಡಿ, ಸದ್ಯಕ್ಕೆ ಬೇಡ ಅನ್ನಿ. ಪತ್ರದ ಉಳಿದ ಭಾಗವನ್ನು ಆಮೇಲೆ ಓದಿದರೂ ಪರವಾಗಿಲ್ಲ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ನನ್ನ ಹತ್ತಿರ ಎರಡು ಸೀಟಿನ ಒಂದು ಸಣ್ಣ ಸ್ಪೋರ್ಟ್ಸ್ ಕಾರು ಇತ್ತು. ಬಾಗಿಲುಗಳ ಒಳಗಿನ ಹೊದಿಕೆ ಹಲಗೆಗಳು ನೀರು ಕುಡಿದು ಬಾಗಿದ್ದವು. ಬಿಚ್ಚಿ ತೆಗೆದೆ. ಒಂದು ಹಲಗೆಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದ ನಾಲ್ಕು ಅಂಕಿ ಇದ್ದವು, ಒಂದು ಕಡೆಗೆ ವಾಲಿದ ಅಕ್ಷರ, ಏಳರ ಅಂಕಿಗೆ ನಡುವೆ ಒಂದು ಗೀಟು. ನೋಡಿದೆ, ಸುಮ್ನೆ ಕಸಕ್ಕೆ ಹಾಕಿದೆ. ಹೊಸ ಹಲಗೆ ತರಿಸಿ ಕೂರಿಸಿದೆ, ನೋಡಲು ಸೊಗಸಾಗಿತ್ತು. ಆ ಅಂಕಿ ಏನು ಅಂತ ಗೊತ್ತಾಗಿದ್ದು ಕಾರು ಮಾರುವಾಗ. ಈ ಹಲಗೆ ಈ ಬಾಡಿಗೇ ಸೇರಬೇಕು ಅಂತ ಕಾರ್ಖಾನೆಯಲ್ಲಿ ಹೊದಿಕೆ ಜೋಡಿಸುವವರು ಬರೆದುಕೊಂಡ ಗುರುತು ಅದು. ಕೊಳ್ಳಲು ಬಂದವರು ಹಲಗೆಯ ಅಂಚನ್ನು ಮೆಲ್ಲಗೆ ಎತ್ತಿ ಹಿಂದೆ ಇಣುಕಿದರು. ಏನೂ ಹೇಳಲಿಲ್ಲ. ಅವರ ಮುಖ ಇವತ್ತಿಗೂ ನೆನಪಿದೆ.

ಒರಿಜಿನಲ್ ಅಂದರೆ ನನ್ನ ಪ್ರಕಾರ ಇದೇ. ಅದು ಹಳತನ ಅಲ್ಲ, ಧೂಳಲ್ಲ. ಅದು ಸಾಕ್ಷಿ. ಕಾರು ಹೇಗೆ ಹುಟ್ಟಿತು, ಯಾರ ಕೈಯಲ್ಲಿ ಏನಾಯಿತು ಅನ್ನುವುದಕ್ಕೆ ಕಾರೇ ಹೇಳುವ ಸಾಕ್ಷಿ. ಪೋರ್ಶೆ 356ರ ಬಾಗಿಲು, ಡಿಕ್ಕಿ, ಬಾನೆಟ್‌ಗಳ ಒಳಗೆ ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಒತ್ತಿರುತ್ತಾರೆ. ಅಂಕಿ ತಾಳೆಯಾದರೆ ಆ ಬಾಗಿಲು ಆ ಕಾರಿನದೇ. ಗೀರು ಬಿದ್ದ ಹಳೆಯ ಬಾಗಿಲಿನಲ್ಲಿ ಆ ಅಂಕಿ ಇರುತ್ತದೆ. ಗೀರಿಲ್ಲದ ಹೊಸ ಬಾಗಿಲಿನಲ್ಲಿ ಇರುವುದಿಲ್ಲ.

ಈಗ ನೀವು ನೋಡಿದ ಹರಾಜಿಗೆ ಬರೋಣ. ಹರಿದ ಸೀಟಿಗೆ ಯಾರೂ ದುಡ್ಡು ಕೊಡಲಿಲ್ಲ. ತಾವೇ ಪರೀಕ್ಷೆ ಮಾಡಿ ನೋಡಬಹುದಾದ ಕಾರಿಗೆ ಕೊಟ್ಟರು. ಹೊಳೆಯುವ ಹೊಸ ಬಣ್ಣದ ಕೆಳಗೆ ಏನಿದೆ ಅಂತ ಹೇಳುವುದು ಕಷ್ಟ. ಒಳ್ಳೆಯ ತಗಡೂ ಇರಬಹುದು, ಬೆರಳು ದಪ್ಪದ ಪುಟ್ಟಿಯೂ ಇರಬಹುದು. ಅಂಗೈಯಲ್ಲಿ ಹಿಡಿಯುವ ಒಂದು ಮೀಟರ್ ಇದೆ, ತಗಡಿನ ಮೇಲೆ ಇಟ್ಟರೆ ಬಣ್ಣದ ದಪ್ಪ ತೋರಿಸುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 200 ಮೈಕ್ರಾನ್ ಒಳಗೆ ನಿಲ್ಲುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಪುಟ್ಟಿ ಮೆತ್ತಿದ್ದರೆ 1,000 ದಾಟಿ ಓಡುತ್ತದೆ. ನಿಮ್ಮ ಇ-ಟೈಪ್‌ನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಆ ಕಾರಿನ ತಗಡುಗಳು ಸೇರುವ ಕಡೆ ಕಾರ್ಖಾನೆಯಲ್ಲೇ ಸೀಸ ತುಂಬಿ ಉಜ್ಜುತ್ತಿದ್ದರು. ಅಲ್ಲಿ ಮೀಟರ್ ಜಾಸ್ತಿ ತೋರಿಸಿದರೆ ಗಾಬರಿ ಬೇಡ, ಅದೂ ಒರಿಜಿನಲ್ಲೇ. ನಿಮ್ಮ ಪೇಂಟರ್ ಕೆರೆಯಲು ಹೊರಟದ್ದು ಈ ಕಾರ್ಖಾನೆಯ ಬಣ್ಣವನ್ನೇ. ಮಾಸಿದ ಬಣ್ಣದ ಕಾರಿಗೆ ಯಾವಾಗ ಬೇಕಾದರೂ ಹೊಸ ಬಣ್ಣ ಹೊಡೆಯಬಹುದು. ಕೆರೆದ ಮೇಲೆ 1966ರ ಬಣ್ಣವನ್ನು ಎಲ್ಲಿಂದ ತರುತ್ತೀರಿ?

ಆದರೂ ನಿಮ್ಮ ಸಿಟ್ಟಿನಲ್ಲಿ ಅರ್ಧ ನಿಜ ಇದೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ಬೈಯೋನ್ ಸಂಗ್ರಹದ ಕಾರುಗಳನ್ನು ಹರಾಜಿಗಿಟ್ಟಿತು. ಫ್ರಾನ್ಸಿನ ಹಳ್ಳಿಯೊಂದರ ಶೆಡ್ಡುಗಳಲ್ಲಿ ದಶಕಗಟ್ಟಲೆ ನಿಂತಿದ್ದ ಕಾರುಗಳು. ಅದರಲ್ಲಿ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಒಂದಿತ್ತು, ಒಂದು ಕಾಲಕ್ಕೆ ನಟ ಅಲೆನ್ ಡೆಲೊನ್ ಹತ್ತಿರ ಇದ್ದ ಕಾರು. ಸಿಕ್ಕಾಗ ಅದರ ಮೇಲೆ ಹಳೆಯ ಪತ್ರಿಕೆಗಳ ರಾಶಿ ಹೇರಿತ್ತು. ಆ ಭಾರಕ್ಕೆ ಹಿಂದಿನ ಡಿಕ್ಕಿ ಮುಚ್ಚಳ ತಗ್ಗಿಹೋಗಿತ್ತು. ಧೂಳು ಸಮೇತ ವೇದಿಕೆಗೆ ತಂದರು. 1.63 ಕೋಟಿ ಯೂರೋಗೆ ಹೋಯಿತು. ಧೂಳಿಗೂ ಬೆಲೆ ಇದೆ ಅಂತ ಮಾರುವವರಿಗೆ ಇಂಥ ಹರಾಜುಗಳಿಂದ ಗೊತ್ತಾಗಿಬಿಟ್ಟಿದೆ. ಬೇಕಂತಲೇ ಬಣ್ಣ ಸವೆಸುವುದು, ಚರ್ಮಕ್ಕೆ ಹಳೆಯ ಕಳೆ ಬರಿಸುವುದು ನಡೆಯುತ್ತದೆ. ಅದು ನನ್ನ ದೃಷ್ಟಿಯಲ್ಲಿ ಸುಳ್ಳು ನಂಬರ್ ಹೊಡೆದಷ್ಟೇ ದೊಡ್ಡ ಮೋಸ. ಮತ್ತೊಂದು ಮಾತು. ಹರಾಜಿನ ಬೆಲೆ ಅಂದರೆ ಆ ದಿನ ಆ ಕೋಣೆಯಲ್ಲಿ ಇಬ್ಬರು ಎಷ್ಟು ಹಠ ಹಿಡಿದರು ಅನ್ನುವುದರ ಲೆಕ್ಕ. ಒಬ್ಬನೇ ಬಂದಿದ್ದರೆ ಅದೇ ಕಾರು ಮೀಸಲು ಬೆಲೆಯನ್ನೂ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಮಾರುವವರು ಇಟ್ಟ ಬೆಲೆ) ಮುಟ್ಟದೆ ವಾಪಸ್ ಹೋಗಬಹುದು. ಒಂದು ದಿನದ ಎರಡು ಬೆಲೆ ನೋಡಿ ನಿಮ್ಮ ಕಾರಿನ ಹಣೆಬರಹ ತೀರ್ಮಾನಿಸಬೇಡಿ.

ನಕಲಿಯಾ ಅಂತ ಕೇಳಿದಿರಲ್ಲ, ಆ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಅದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ನಿಮ್ಮ ಎಂಜಿನ್ ನಂಬರ್ 7L ಅಂತ ಶುರುವಾಗುತ್ತದೆ ಅಂತ ಬರೆದಿದ್ದೀರಿ. ಆ ವರ್ಷದ 4.2 ಇ-ಟೈಪ್ ಎಂಜಿನ್ ಆಗಿದ್ದರೆ 7E ಅಂತ ಇರಬೇಕಿತ್ತು. 7L ಬಂದದ್ದು ಎಕ್ಸ್‌ಜೆ6 ಸಲೂನ್ ಕಾರಿನಿಂದ, ಅಂದರೆ ಜಾಗ್ವಾರ್ ಕಂಪನಿಯದೇ ನಾಲ್ಕು ಬಾಗಿಲಿನ ಕಾರಿನಿಂದ. ಎರಡೂ ಒಂದೇ ಎಕ್ಸ್‌ಕೆ ಮನೆತನದ ಎಂಜಿನ್‌ಗಳು. 1948ರಲ್ಲಿ ಬಂದ ಆ ಎಂಜಿನ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಯಾರಾಯಿತು. ಹಾಗಾಗಿ ಹಳೆಯದು ಕೆಟ್ಟಾಗ ಸಲೂನ್‌ನಿಂದ ಒಂದನ್ನು ತೆಗೆದು ಕೂರಿಸುವುದು ಸುಲಭವಿತ್ತು, ಅಗ್ಗವೂ ಆಗಿತ್ತು. ಆಗ ಈ ಕಾರುಗಳಿಗೆ ಬೆಲೆಯೇ ಇರಲಿಲ್ಲ. ಹಿಂದಿನ ಮಾಲೀಕರು ಮಾಡಿದ್ದು ತಪ್ಪಲ್ಲ. ಅವರು ಕಾರನ್ನು ರಸ್ತೆಯ ಮೇಲೆ ಉಳಿಸಿದರು.

ಎಂಜಿನ್ ಬದಲಾಯಿತು ಅಂತ ಕಾರು ನಕಲಿ ಆಗುವುದಿಲ್ಲ. ಬದಲಾಗಿಲ್ಲ ಅಂತ ಹೇಳಿದ ದಿನ ಆಗುತ್ತದೆ. ಕೆಲವರು ಎಂಜಿನ್ ಬ್ಲಾಕ್ ಮೇಲಿನ ನಂಬರನ್ನು ಉಜ್ಜಿ ತೆಗೆದು, ಕಾರಿಗೆ ಕಾರ್ಖಾನೆ ಹಾಕಿದ ಫಲಕದಲ್ಲಿರುವ ನಂಬರನ್ನೇ ಹೊಸದಾಗಿ ಹೊಡೆಸುತ್ತಾರೆ. ನಿಮಗೂ ಯಾರಾದರೂ ಈ ಸಲಹೆ ಕೊಟ್ಟಾರು. ಕೊಟ್ಟರೆ ಅವರನ್ನು ಮನೆಯೊಳಕ್ಕೆ ಸೇರಿಸಬೇಡಿ. ಉಜ್ಜಿದ ಜಾಗ ಸ್ವಲ್ಪ ತಗ್ಗಿರುತ್ತದೆ. ಮೊದಲಿದ್ದ ಯಂತ್ರದ ಗೆರೆಗಳು ಕಾಣುವುದಿಲ್ಲ. ಅಂಕಿಗಳ ಆಕಾರವೂ ಹೊಂದುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ಆ ಕಾರಿನಲ್ಲಿ ನಿಜವಾಗಿ ಒರಿಜಿನಲ್ ಇರುವುದನ್ನೂ ಯಾರೂ ನಂಬುವುದಿಲ್ಲ.

ಇ-ಟೈಪ್‌ನಲ್ಲಿ ಇನ್ನೊಂದು ತೊಡಕಿದೆ. ಚಾಸಿ ನಂಬರನ್ನು ಒತ್ತಿರುವುದು ಮುಂದಿನ ಚೌಕಟ್ಟಿನ ಮೇಲೆ, ಬಲಗಡೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೂರುವ ಜಾಗದ ಮೇಲ್ಭಾಗದಲ್ಲಿ. ಆ ಚೌಕಟ್ಟು ಬಾಡಿಗೆ ಬೋಲ್ಟ್ ಹಾಕಿ ಸೇರಿಸಿದ್ದು. ಬೋಲ್ಟ್ ಬಿಚ್ಚಿದರೆ ನಂಬರೇ ಕೈಗೆ ಬರುತ್ತದೆ! ತುಕ್ಕು ಹಿಡಿದು, ಅಪಘಾತವಾಗಿ ಎಷ್ಟೋ ಕಾರುಗಳ ಚೌಕಟ್ಟು ಬದಲಾಗಿವೆ. ಒಂದು ಕಾರಿನ ಚೌಕಟ್ಟು, ಇನ್ನೊಂದರ ಬಾಡಿ, ಮೂರನೆಯದರ ಕಾಗದ ಪತ್ರ ಸೇರಿ ಒಂದು ಕಾರಾದದ್ದೂ ಉಂಟು. ಅದಕ್ಕೇ ಚಾಸಿ, ಎಂಜಿನ್, ಗೇರ್‌ಬಾಕ್ಸ್, ಬಾಡಿ, ಈ ನಾಲ್ಕೂ ನಂಬರನ್ನು ಒಟ್ಟಿಗೆ ನೋಡಬೇಕು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರದಲ್ಲಿ ಈ ನಾಲ್ಕೂ ಇರುತ್ತವೆ, ಹುಟ್ಟಿದಾಗಿನ ಬಣ್ಣವೂ ಇರುತ್ತದೆ. ನೀವು ಇನ್ನೂ ತರಿಸಿಲ್ಲ ಅಂದಿರಿ. ಮೊದಲು ಅದನ್ನು ತರಿಸಿ.

ಎಷ್ಟು ಬದಲಾದರೆ ಕಾರು ಅದೇ ಕಾರಾಗಿ ಉಳಿಯುತ್ತದೆ? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿಗೇ ಹೋಗಿತ್ತು. ಕಾರು ಬೆಂಟ್ಲಿ ಸ್ಪೀಡ್ ಸಿಕ್ಸ್, ಹೆಸರು ಓಲ್ಡ್ ನಂಬರ್ ಒನ್. 1929ರಲ್ಲೂ 1930ರಲ್ಲೂ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದದ್ದು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ಆಮೇಲೆ ಕಾರನ್ನು ಮತ್ತೆ ಕಟ್ಟಿದರು, ಬೇರೆ ಬಾಡಿ ಹಾಕಿದರು. 1929ರ ಬಿಡಿಭಾಗ ಅಂತ ಉಳಿದದ್ದು ಬೆರಳೆಣಿಕೆಯಷ್ಟು. ಒಂದು ಕೋಟಿ ಪೌಂಡ್‌ಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಅಂತ ಹಿಂದೆ ಸರಿದರು. ನ್ಯಾಯಾಧೀಶರು ಇದು ಒರಿಜಿನಲ್ ಅಲ್ಲ ಅಂತ ಒಪ್ಪಿದರು. ಆದರೆ ಇದು ಓಲ್ಡ್ ನಂಬರ್ ಒನ್ ಹೌದು ಅಂದರು. ಯಾಕಂದರೆ ಅದರ ಕತೆಯ ಎಳೆ ಎಲ್ಲೂ ಕಡಿದಿರಲಿಲ್ಲ. ಒಂದೊಂದೇ ಭಾಗ ಬದಲಾಯಿತು, ಕಾರು ಮುಂದುವರಿಯಿತು. ಆ ಹೆಸರಿಗೆ ಹಕ್ಕು ಹೇಳುವ ಬೇರೆ ಕಾರೂ ಇರಲಿಲ್ಲ. ಒರಿಜಿನಲ್ (ಹುಟ್ಟಿದಾಗಿನ ಭಾಗಗಳೇ ಇರುವುದು) ಬೇರೆ, ಅಸಲಿ (ಅದೇ ಕಾರು ಆಗಿರುವುದು) ಬೇರೆ ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಪ್ರಕರಣ ನನಗೆ ಕಾಣುವುದಿಲ್ಲ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. 2018ರಲ್ಲಿ ಅಮೆರಿಕದ ಮಾಂಟೆರೆಯಲ್ಲಿ ಒಂದು ಫೆರಾರಿ 250 ಜಿಟಿಒ 4.84 ಕೋಟಿ ಡಾಲರ್‌ಗೆ ಮಾರಾಟವಾಯಿತು. ಹರಾಜಿನಲ್ಲಿ ಅಲ್ಲಿಯವರೆಗೆ ಯಾವ ಕಾರಿಗೂ ಅಷ್ಟು ಬಂದಿರಲಿಲ್ಲ. ಅದು 1962ರ ಕಾರು. ಆದರೆ ಮೈಮೇಲಿದ್ದ ಬಾಡಿ 1964ರದು. ರೇಸಿನಲ್ಲಿ ಹೊಸ ಮಾದರಿಗೆ ಸಮನಾಗಿ ಓಡಲಿ ಅಂತ ಫೆರಾರಿಗೆ ಬಾಡಿ ಕಟ್ಟುತ್ತಿದ್ದ ಸ್ಕಾಲಿಯೆಟ್ಟಿಯವರೇ ಬದಲಾಯಿಸಿದ್ದು. ಹುಟ್ಟಿದ ದಿನದ ಬಾಡಿ ಇಲ್ಲ, ಆದರೂ ಯಾರೂ ಮುಖ ತಿರುಗಿಸಲಿಲ್ಲ. ಬದಲಾವಣೆ ಆ ಕಾಲದ್ದೇ, ಮಾಡಿದವರು ಗೊತ್ತು, ಕಾರಣ ಗೊತ್ತು, ಎಂಜಿನ್ ಮತ್ತು ಗೇರ್‌ಬಾಕ್ಸ್ ಅದರದೇ. ಪೋರ್ಶೆಯ 1973ರ ಕರೇರಾ ಆರ್‌ಎಸ್ 2.7 ಕತೆ ಇದಕ್ಕೆ ತದ್ವಿರುದ್ಧ. ಕಾರ್ಖಾನೆ ಮಾಡಿದ್ದು ಸುಮಾರು 1,580. ಮಾಮೂಲಿ ಪೋರ್ಶೆ 911 ಕಾರಿಗೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್, ಪಕ್ಕದ ಬರಹ ಹಾಕಿ ಆರ್‌ಎಸ್ ಮಾಡಿದವು ಬೇಕಾದಷ್ಟಿವೆ. ನೋಡಲು ಒಂದು ಕೂದಲೂ ವ್ಯತ್ಯಾಸ ಇರುವುದಿಲ್ಲ, ಅದರ ಹಿಂದಿನ ಕತೆ ಮಾತ್ರ ಬೇರೆ.

ಮುಂದೆ ಎಂದಾದರೂ ಮಾರುವ ಯೋಚನೆ ಬಂದರೆ ಹರಾಜಿನ ಕ್ಯಾಟಲಾಗ್ ಓದುವುದನ್ನು ಕಲಿಯಿರಿ. "ಅದರದೇ ಎಂಜಿನ್" ಅಂದರೆ ಒಂದು ಅರ್ಥ. "ಸರಿಯಾದ ಬಗೆಯ ಎಂಜಿನ್" ಅಂದರೆ ಅದರದಲ್ಲ ಅಂತಲೇ ಅರ್ಥ. "ಎಂದು ನಂಬಲಾಗಿದೆ", "ಮಾಲೀಕರು ಹೇಳುವಂತೆ" ಅಂತಿದ್ದರೆ ಹರಾಜಿನವರು ಜವಾಬ್ದಾರಿ ಹೊತ್ತಿಲ್ಲ. ಮೂರು ಸಲ ಕೂಗಿ ಸುತ್ತಿಗೆ ಬಡಿದ ಬೆಲೆಯ ಮೇಲೆ ಕೊಂಡವರು ಸಾಮಾನ್ಯವಾಗಿ ಶೇ. 10ಕ್ಕೂ ಹೆಚ್ಚು ಕಮಿಷನ್ ಕೊಡುತ್ತಾರೆ. ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಅದೆಲ್ಲ ಸೇರಿದ ಮೊತ್ತ.

ನಿಮ್ಮ ಕಾರಿಗೆ ನಾನೇನು ಮಾಡುತ್ತಿದ್ದೆ ಹೇಳಲೇ? ಟೈರು, ಬ್ರೇಕ್ ಹೋಸು, ಪೆಟ್ರೋಲ್ ಪೈಪು ಎಲ್ಲ ಹೊಸದು ಹಾಕುತ್ತಿದ್ದೆ. ಜೀವದ ವಿಷಯದಲ್ಲಿ ಒರಿಜಿನಲ್ ಮಾತೇ ಬೇಡ. ಬಣ್ಣವನ್ನು ಮೆದುವಾದ ಪಾಲಿಶ್‌ನಿಂದ ಕೈಯಲ್ಲೇ ಉಜ್ಜುತ್ತಿದ್ದೆ, ಮೆಷಿನ್ ಹಚ್ಚುತ್ತಿರಲಿಲ್ಲ. ಅಂಚುಗಳಲ್ಲಿ ಅದು ಬಹಳ ತೆಳುವಾಗಿರುತ್ತದೆ. ಚಕ್ಕೆ ಎದ್ದ ಕಡೆ ತುಕ್ಕು ನಿಲ್ಲಿಸಿ ಅಷ್ಟಕ್ಕೇ ಬಣ್ಣ ಮುಟ್ಟಿಸುತ್ತಿದ್ದೆ. ತಳದ ತಗಡು ನಿಜವಾಗಿಯೂ ತೂತಾಗಿದ್ದರೆ ಆ ಭಾಗ ಕತ್ತರಿಸಿ ಬೆಸುಗೆ ಹಾಕಿಸಬೇಕು, ಅದರಲ್ಲಿ ಸಂಕೋಚ ಬೇಡ. ಮೊದಲೂ ಆಮೇಲೂ ಫೋಟೋ ತೆಗೆದಿಡಿ. ಬಿಚ್ಚಿದ ಹಳೆಯ ಸಾಮಾನನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಿ. ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳ ಫೈಲ್ ಇದೆ ಅಂದಿರಲ್ಲ, ಅದರಲ್ಲಿ ಎಂಜಿನ್ ಬದಲಾಯಿಸಿದ ಬಿಲ್ಲು ಹುಡುಕಿ. ಹಳೆಯ ಎಂಜಿನ್ ಎಲ್ಲಿಗೆ ಹೋಯಿತು ಅಂತ ಅದರಲ್ಲೇ ಸುಳಿವು ಸಿಗಬಹುದು. ದೂರವಾಗಿದ್ದ ಕಾರು ಮತ್ತು ಎಂಜಿನ್ ದಶಕಗಳ ಮೇಲೆ ಒಂದಾದದ್ದು ಈ ಲೋಕದಲ್ಲಿ ಅಪರೂಪವೇನಲ್ಲ.

ಇನ್ನು, ಮಾಸಿದ ಬಣ್ಣದ ಕಾರು ನಾಲ್ಕು ಜನರ ಮುಂದೆ ನಿಲ್ಲಿಸಲು ನಾಚಿಕೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅಮೆರಿಕದ ಪೆಬಲ್ ಬೀಚ್ ಕಾರು ಪ್ರದರ್ಶನ 1950ರಿಂದ ನಡೆಯುತ್ತಿದೆ. ತಿಕ್ಕಿ ತೊಳೆದು ಹೊಸದಕ್ಕಿಂತ ಹೊಸದು ಮಾಡಿದ ಕಾರುಗಳ ಊರದು. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಪಡೆದದ್ದು 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್. ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಹತ್ತಿರ ಇದ್ದ ಕಾರು. ರಿಸ್ಟೋರ್ ಮಾಡದೆ ಹಾಗೇ ಕಾಪಾಡಿಕೊಂಡು ಬಂದ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಕಪ್ಪು ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ನೀವು ಧೈರ್ಯವಾಗಿ ನಿಲ್ಲಿಸಿ.

ಒಂದೇ ಒಂದು ಕೋರಿಕೆ. ಬಾಗಿಲಿನ ಒಳಹಲಗೆಗಳನ್ನು ಎಂದಾದರೂ ಬಿಚ್ಚಿದರೆ, ಒದ್ದೆ ಬಟ್ಟೆಯಲ್ಲಿ ಒರೆಸುವ ಮೊದಲು ಹಿಂಬದಿಯ ಫೋಟೋ ತೆಗೆದು ನನಗೆ ಕಳಿಸಿ. ಅಲ್ಲಿ ಸೀಮೆಸುಣ್ಣದ ಅಂಕಿ ಇದ್ದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

ನಿಮ್ಮ,
ಸಂಪಾದಕ