ಟರ್ಬೊ ಹಾಕಿದ ಗಾಡಿಗೆ ಯಾವ ಐಡಲ್ ವಾಲ್ವ್? ಎರಡು ವೈರಿನದೇ ಹಾಕು ತಮ್ಮಾ

ತಮ್ಮಾ, ಹಳೆಯ 1.3 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಟರ್ಬೊ ಕೂರಿಸಿ, ಸ್ಪೀಡುಯಿನೊ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹಾಕಿದ್ದೀಯ. ಬೇರೆ ಗಾಡಿಯ ದೊಡ್ಡ ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ತಂದಿದ್ದೀಯ, ಅದರಲ್ಲಿ ಐಡಲ್ ವಾಲ್ವೇ, ಅಂದರೆ ರೇಸ್ ಒತ್ತದಿದ್ದಾಗ ಬೇಕಾದಷ್ಟು ಗಾಳಿ ಬಿಡುವ ವಾಲ್ವೇ, ಇಲ್ಲ. ಎಸಿ ಹಾಕಿದ ಕೂಡಲೇ ಗಾಡಿ ಬಂದ್ ಬೀಳುತ್ತದೆ. ಥ್ರಾಟಲ್ ಸ್ವಲ್ಪ ತೆರೆದಿಡುವ ಸ್ಕ್ರೂ ಮೇಲೇ ಓಡಿಸಲಾ, ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ಸೂಜಿ ಸರಿಸಿ ಗಾಳಿ ಬಿಡುವ ಮೋಟಾರ್) ಹಾಕಲಾ, ಪಿಡಬ್ಲ್ಯುಎಂ ವಾಲ್ವಾ, ಎಲೆಕ್ಟ್ರಾನಿಕ್ ಥ್ರಾಟಲ್ಲಾ ಅಂತ ಕೇಳಿದ್ದೀಯ.

ಎರಡು ವೈರಿನ ಪಿಡಬ್ಲ್ಯುಎಂ ವಾಲ್ವ್ ಹಾಕು, ಅಂದರೆ ಇಸಿಯು ಕರೆಂಟನ್ನು ಪಟಪಟನೆ ಕೊಟ್ಟು ತೆಗೆದು ಬೇಕಾದಷ್ಟು ತೆರೆಯುವ ವಾಲ್ವ್. ಅದಕ್ಕೆ ಗಾಳಿ ಎಲ್ಲಿಂದ ತಗೊಳ್ಳುತ್ತೀಯ ಅನ್ನುವುದು ವಾಲ್ವಿಗಿಂತ ಜಾಸ್ತಿ ಮುಖ್ಯ.

ಬರೀ ಸ್ಕ್ರೂ ಟ್ರ್ಯಾಕ್ ಗಾಡಿಗೆ ಸಾಕು, ದಿನಾ ಓಡಿಸುವ ಗಾಡಿಗೆ ಅಲ್ಲ. ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ 92-93 ಕೆಪಿಎ (ಕಿಲೊಪ್ಯಾಸ್ಕಲ್). ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋದರೆ 101. ಅದೇ ಸಂದಿಯಲ್ಲಿ ಅಲ್ಲಿ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಹೆಚ್ಚು ಗಾಳಿ ನುಗ್ಗುತ್ತದೆ, ಆರ್‌ಪಿಎಂ ತಾನಾಗಿ ಏರುತ್ತದೆ. ಮೇಲೆ ಡಿಸೆಂಬರ್ ಬೆಳಗಿನ ಚಳಿ, ಎಸಿ, ರೇಡಿಯೇಟರ್ ಫ್ಯಾನ್. ಒಂದೇ ಸ್ಕ್ರೂ ಇಷ್ಟಕ್ಕೆಲ್ಲ ಉತ್ತರ ಕೊಡಲಾರದು.

ಸ್ಟೆಪ್ಪರ್ ಕೆಟ್ಟದ್ದಲ್ಲ. ಪ್ಲಗ್ಗಿನಲ್ಲಿ ನಾಲ್ಕು ಅಥವಾ ಆರು ವೈರ್ ಇದ್ದರೆ ಅದು ಸ್ಟೆಪ್ಪರ್. ಆದರೆ ನಿಧಾನ. ತಾನು ಎಲ್ಲಿ ನಿಂತಿದ್ದೇನೆ ಅಂತ ಅದಕ್ಕೆ ಗೊತ್ತಿರುವುದಿಲ್ಲ, ಇಸಿಯು ಹೆಜ್ಜೆ ಎಣಿಸಿಕೊಂಡು ಹೋಗುತ್ತದೆ. ಟರ್ಬೊ ಗಾಡಿಯಲ್ಲಿ ಕ್ರ್ಯಾಂಕ್‌ಕೇಸಿನ ಎಣ್ಣೆ ಹೊಗೆ ಜಾಸ್ತಿ, ಆ ಜಿಡ್ಡಿಗೆ ಸೂಜಿ ಒಮ್ಮೆ ಅಂಟಿತೋ, ಎಣಿಕೆ ತಪ್ಪಿತು. ಇನ್ನು ಎಲೆಕ್ಟ್ರಾನಿಕ್ ಥ್ರಾಟಲ್: ಕಂಪನಿಯಿಂದಲೇ ಬಂದಿದ್ದರೆ ಮುಟ್ಟಬೇಡ, ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಐಡಲ್ ಹಿಡಿಯುವುದಿಲ್ಲ. ಐಡಲ್ ಒಂದಕ್ಕಾಗಿ ಹೊಸದಾಗಿ ಹಾಕಬೇಡ. ಪೆಡಲ್ಲಿಗೆ ಎರಡು ಸೆನ್ಸರ್, ಥ್ರಾಟಲ್ಲಿಗೆ ಎರಡು, ತಪ್ಪಿದರೆ ಬಂದ್ ಮಾಡುವ ಭದ್ರತೆ, ಇಷ್ಟೂ ಸರಿಯಿರಬೇಕು. ರೇಸ್ ಸಿಕ್ಕಿಕೊಂಡರೆ ಜೀವಕ್ಕೆ ಕುತ್ತು.

ಈಗ ಗಾಳಿಯ ವಿಷಯ. ನಾನು ಮೊದಲ ಸಲ ವಾಲ್ವಿನ ಪೈಪನ್ನು ಏರ್ ಫಿಲ್ಟರ್ ಕಡೆಯಿಂದ, ಅಂದರೆ ಟರ್ಬೊಗಿಂತ ಮುಂಚೆ ತಗೊಂಡಿದ್ದೆ. ಐಡಲ್ ಚೆನ್ನಾಗಿಯೇ ಇತ್ತು. ಬೂಸ್ಟ್ (ಟರ್ಬೊ ತುಂಬುವ ಒತ್ತಡ) ಮಾತ್ರ ಏರಲೊಲ್ಲದು. ಎರಡು ವಾರ ಟರ್ಬೊವನ್ನೇ ಅನುಮಾನಿಸಿದೆ. ಕೊನೆಗೆ ನೋಡಿದರೆ, ಮ್ಯಾನಿಫೋಲ್ಡಿನ (ಥ್ರಾಟಲ್ ಆದ ಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡ ವಾಲ್ವನ್ನು ಹಿಂದಕ್ಕೆ ತಳ್ಳಿಕೊಂಡು ಫಿಲ್ಟರ್ ಕಡೆಗೆ ಸೋರುತ್ತಿತ್ತು. ಆಮೇಲೆ ಉದ್ಯಮಬಾಗದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ನಿಪ್ಪಲ್ ಮಾಡಿಸಿ, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್ಲಿಗೆ ಮುಂಚೆ ಇರುವ ಪೈಪಿಗೆ ವೆಲ್ಡ್ ಮಾಡಿಸಿದೆ. ಅಲ್ಲಿಂದ ತಗೊಂಡರೆ ಬೂಸ್ಟಿನಲ್ಲಿ ವಾಲ್ವಿನ ಎರಡೂ ಕಡೆ ಒತ್ತಡ ಹೆಚ್ಚುಕಮ್ಮಿ ಒಂದೇ, ಸೋರಲು ದಾರಿಯೇ ಇಲ್ಲ. ನೀನೂ ಹಾಗೇ ಮಾಡು. ಆಗದಿದ್ದರೆ ಪೈಪಿನಲ್ಲಿ ಒಂದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವಂಥದ್ದು) ಹಾಕು.

ವೈರಿಂಗ್ ಸುಲಭ. ಒಂದಕ್ಕೆ ಇಗ್ನಿಷನ್ ಪ್ಲಸ್, ಇನ್ನೊಂದು ಇಸಿಯುಗೆ. ಎರಡರ ನಡುವೆ ಡಯೋಡ್ ಹಾಕಲೇಬೇಕು, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ.

ಟ್ಯೂನಿಂಗಿಗೆ ಮುಂಚೆ ಲೀಕ್ ಹುಡುಕು. ಪೈಪಿಗೆ ಹತ್ತು ಪಿಎಸ್‌ಐ ಗಾಳಿ ಕೊಟ್ಟು ಜೋಡಣೆಗಳ ಮೇಲೆಲ್ಲ ಸಾಬೂನು ನೀರು ಹಚ್ಚು, ಗುಳ್ಳೆ ಬಂದಲ್ಲಿ ಲೀಕ್. ಸೋರುವ ಇಂಜಿನ್ನಿಗೆ ಯಾವ ವಾಲ್ವೂ ಐಡಲ್ ಕೊಡದು. ಆಮೇಲೆ ಇಂಜಿನ್ 85 ಡಿಗ್ರಿ ಬಿಸಿಯಾಗಲಿ. ಎಸಿ, ಫ್ಯಾನ್ ಬಂದ್ ಇರಲಿ. ವಾಲ್ವಿನ ಪೈಪಿಗೆ ಬಟ್ಟೆ ಸುತ್ತಿ ಪಕ್ಕಡಿನಿಂದ ಒತ್ತಿ ಹಿಡಿ. ಆಗ 800 ಆರ್‌ಪಿಎಂ ನಿಲ್ಲುವಂತೆ ಥ್ರಾಟಲ್ ಸ್ಕ್ರೂ ತಿರುಗಿಸು. ಸ್ಕ್ರೂ ಮುಟ್ಟಿದ ಮೇಲೆ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್) ಸೊನ್ನೆಯನ್ನು ಮತ್ತೆ ಹೊಂದಿಸು. ಇದನ್ನು ಮರೆತರೆ ಇಸಿಯುಗೆ ಐಡಲ್ ಬಂದಿದೆ ಅಂತಲೇ ತಿಳಿಯುವುದಿಲ್ಲ. ಪಕ್ಕಡ್ ಬಿಟ್ಟ ಮೇಲೆ ವಾಲ್ವ್ ಅದನ್ನು 900-950ಕ್ಕೆ ಎತ್ತಲಿ. ಇದಕ್ಕಿಂತ ಇಳಿಸಬೇಡ, ಟರ್ಬೊ ಬೇರಿಂಗಿಗೆ ಎಣ್ಣೆಯ ಒತ್ತಡ ಬೇಕು.

ಆರ್‌ಪಿಎಂ ಮುಳ್ಳು 700ಕ್ಕೂ 1300ಕ್ಕೂ ಉಯ್ಯಾಲೆ ಆಡಿದರೆ, ವಾಲ್ವಿಗೆ ಕೊಟ್ಟ ಗೇನ್ (ಆರ್‌ಪಿಎಂ ತಪ್ಪಿದಾಗ ಇಸಿಯು ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಅಂಕಿ) ಜಾಸ್ತಿಯಾಗಿದೆ ಅಂತ ಅರ್ಥ. ಗಾಳಿ ಮ್ಯಾನಿಫೋಲ್ಡ್ ತುಂಬಲು ಹೊತ್ತು ಬೇಕು, ಅಷ್ಟರಲ್ಲಿ ಇಸಿಯು ಮತ್ತೂ ತೆರೆದಿರುತ್ತದೆ. ಗೇನ್ ಇಳಿಸಿ, ಆತುರದ ಕೆಲಸವನ್ನು ಇಗ್ನಿಷನ್ನಿಗೆ ಬಿಡು. ಐಡಲ್ ಟೈಮಿಂಗ್ (ಸ್ಪಾರ್ಕ್ ಹಾರುವ ಹೊತ್ತು) 12 ಡಿಗ್ರಿ ಇಟ್ಟು, ಆರ್‌ಪಿಎಂ ಬಿದ್ದಾಗ 4-5 ಡಿಗ್ರಿ ಮುಂದೆ ಹೋಗುವಂತೆ, ಏರಿದಾಗ ಅಷ್ಟೇ ಹಿಂದೆ ಬರುವಂತೆ ಟೇಬಲ್ ಬರೆ. ಟೈಮಿಂಗ್ ಮುಂದಿನ ಸ್ಪಾರ್ಕಿಗೇ ಕೆಲಸ ಮಾಡುತ್ತದೆ.

ಎಸಿಯನ್ನು ಇಸಿಯು ಮೂಲಕವೇ ಹಾಕಿಸು. ಬಟನ್ ಒತ್ತಿದಾಗ ಮೊದಲು ವಾಲ್ವ್ ತೆರೆಯಬೇಕು, ಅರ್ಧ ಸೆಕೆಂಡ್ ಆದ ಮೇಲೆ ಎಸಿ ಕಂಪ್ರೆಸರಿನ ಕ್ಲಚ್ ಟಕ್ ಅನ್ನಬೇಕು. ನಿನ್ನ ಗಾಡಿ ಬಂದ್ ಬೀಳುವುದು ಇಲ್ಲೇ ಅಂತ ನನ್ನ ಅಂದಾಜು.

ಇಷ್ಟು ಮಾಡಿ, ಬೆಳಿಗ್ಗೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದಾಗಿನ ಐದು ನಿಮಿಷದ ಲಾಗ್ (ಇಸಿಯು ಬರೆದಿಡುವ ದಾಖಲೆ) ಇಲ್ಲಿ ಹಾಕು. ಇಂಜೆಕ್ಟರ್ ಎಷ್ಟು ಸಿಸಿದು ಅನ್ನೋದನ್ನೂ ಬರೆ. ದೊಡ್ಡದಾಗಿದ್ದರೆ ಅದರ ಡೆಡ್ ಟೈಮ್ (ಕರೆಂಟ್ ಕೊಟ್ಟ ಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು) ಕೂಡ ನೋಡಬೇಕಾಗುತ್ತೆ, ಕೂತು ನೋಡೋಣ.