ರಾತ್ರಿ ವಿಮಾನಗಳನ್ನು ಸ್ಥಳೀಯ ಆಡಳಿತ ಏಕೆ ತಡೆಯಲಾರದು?

ಸಿಯಾಟಲ್‌ನ ಬೀಕನ್ ಹಿಲ್‌ನಲ್ಲಿ ವಾಸವಾಗಿರುವ ತಾವು, ಸೀ-ಟ್ಯಾಕ್ ವಿಮಾನ ನಿಲ್ದಾಣದ ರಾತ್ರಿ ಹಾರಾಟವನ್ನು ಸ್ಥಳೀಯ ಆಡಳಿತವೇ ಏಕೆ ನಿಷೇಧಿಸಬಾರದು ಎಂದು ಕೇಳಿದ್ದೀರಿ. ಅಡ್ಡಿಯಿರುವುದು ವಿಮಾನ ನಿಲ್ದಾಣಗಳ ಶಬ್ದ ಮತ್ತು ಸಾಮರ್ಥ್ಯಕ್ಕೆ ಸಂಬಂಧಿಸಿದ 1990ರ ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಕಾಯ್ದೆಯಲ್ಲಿ. ಅದರಂತೆ, ಇಂದಿನ ಜೆಟ್ ವಿಮಾನಗಳ ಮೇಲೆ ಹೊಸ ನಿರ್ಬಂಧ ಹೇರಬೇಕಾದರೆ ವಿಮಾನಯಾನ ಕಂಪನಿಗಳು ಒಪ್ಪಬೇಕು, ಇಲ್ಲವೇ ಫೆಡರಲ್ ವಿಮಾನಯಾನ ಆಡಳಿತವಾದ ಎಫ್‌ಎಎ ಅನುಮೋದಿಸಬೇಕು. ಕ್ಯಾಲಿಫೋರ್ನಿಯಾದ ಜಾನ್ ವೇನ್ ನಿಲ್ದಾಣದಲ್ಲಿ ರಾತ್ರಿ ನಿರ್ಬಂಧ ಉಳಿದಿರುವುದು ಅದು ಕಾಯ್ದೆಗಿಂತ ಹಿಂದಿನದು ಎಂಬ ಕಾರಣಕ್ಕೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಅಳತೆಯಲ್ಲಿದೆ. ಎಫ್‌ಎಎ ಇಡೀ ದಿನದ ಸದ್ದನ್ನು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಕ್ಕೆ 10 ಡೆಸಿಬೆಲ್ ಕೂಡಿಸಿ, ಸರಾಸರಿಗೆ ಇಳಿಸುತ್ತದೆ. ಆ ಸರಾಸರಿ 65 ಡೆಸಿಬೆಲ್ ಮುಟ್ಟುವ ವಲಯದೊಳಗಿನ ಮನೆಗಳಿಗಷ್ಟೇ ಸಾಮಾನ್ಯವಾಗಿ ಧ್ವನಿನಿರೋಧಕ ನೆರವು ದೊರೆಯುತ್ತದೆ. ವಲಸಿಗರೂ ಕಡಿಮೆ ವರಮಾನದವರೂ ಬಹಳವಾಗಿರುವ ನಿಮ್ಮ ಬಡಾವಣೆ, ತಲೆಯ ಮೇಲೆ ಎಡೆಬಿಡದೆ ವಿಮಾನಗಳು ಇಳಿಯುತ್ತಿದ್ದರೂ, ಆ ಗೆರೆಯಿಂದ ಹೊರಗೆ ಉಳಿದಿದೆ.

ಸಮಸ್ಯೆ ಸದ್ದಿನದಷ್ಟೇ ಅಲ್ಲ. ಇಳಿಯುವ ಪಥದ ಕೆಳಗೆ ವಿಮಾನಗಳು ಉಗುಳುವ ಅತಿಸೂಕ್ಷ್ಮ ಮಾಲಿನ್ಯ ಕಣಗಳಿರುವುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ 2019ರ ಅಧ್ಯಯನ ತೋರಿಸಿತು. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಅವು ಎಷ್ಟಿರಬಹುದು ಎಂಬುದಕ್ಕೆ ಫೆಡರಲ್ ಮಿತಿಯೇ ಇಲ್ಲ. ಕಾಂಗ್ರೆಸ್ ಸದಸ್ಯ ಆಡಂ ಸ್ಮಿತ್ ಮಂಡಿಸಿದ, ವಿಮಾನಗಳಿಂದ ಬಾಧಿತವಾದ ಸಮುದಾಯಗಳ ಕುರಿತ ಮಸೂದೆಯು (ಏವಿಯೇಷನ್-ಇಂಪ್ಯಾಕ್ಟೆಡ್ ಕಮ್ಯುನಿಟೀಸ್ ಆಕ್ಟ್) ಎಫ್‌ಎಎ ನಿವಾಸಿಗಳೊಡನೆ ನೇರವಾಗಿ ವ್ಯವಹರಿಸಬೇಕೆಂದೂ ನೆರವು ಈ ಗೆರೆಯಾಚೆಗೂ ತಲುಪಬೇಕೆಂದೂ ಬಯಸುತ್ತದೆ. ತಮ್ಮ ಪ್ರತಿನಿಧಿಗೆ ಪತ್ರ ಬರೆಯುವಾಗ ಈ ಮಸೂದೆಯನ್ನೇ ಹೆಸರಿಸಿ ಬೆಂಬಲ ಕೇಳಿರಿ.