ವಾರ್ಡಿನಲ್ಲಿ ಸೂಜಿ ಚುಚ್ಚಿಕೊಳ್ಳದೆ ಕೆಲಸ ಮಾಡುವುದು ಹೇಗೆ? ಚುಚ್ಚಿಕೊಂಡರೆ ಏನು ಮಾಡಬೇಕು?

ನರ್ಸಿಂಗ್ ಓದುತ್ತಿದ್ದೀರಿ, ಮುಂದಿನ ವಾರದಿಂದ ವಾರ್ಡ್ ಪೋಸ್ಟಿಂಗ್, ಸೂಜಿ ಚುಚ್ಚಿ ಎಚ್‌ಐವಿ ಬಂದುಬಿಟ್ಟರೆ ಅಂತ ನಿದ್ದೆ ಬರುತ್ತಿಲ್ಲ. "ಹುಷಾರಾಗಿರು ಅಂತ ಎಲ್ಲರೂ ಹೇಳ್ತಾರೆ, ಹುಷಾರಾಗಿರೋದು ಅಂದ್ರೆ ಏನ್ ಮಾಡ್ಬೇಕು ಅಂತ ಯಾರೂ ಹೇಳಲ್ಲ" ಎಂದು ಬರೆದಿದ್ದೀರಿ. ಸರಿಯಾಗೇ ಕೇಳಿದ್ದೀರಿ. ನಾನೂ ನರ್ಸ್. ಈಗ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಕೆಲಸ ನೋಡಿಕೊಳ್ಳುತ್ತೇನೆ. ಸೂಜಿ ಚುಚ್ಚಿಕೊಂಡವರು ಮೊದಲು ಬರುವುದು ನನ್ನ ಹತ್ತಿರ. ಅವರ ಜೊತೆ ಕೂತು, ಹೇಗಾಯಿತು ಅಂತ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.

ಹಾಗೆ ಕೇಳಿ ಕೇಳಿ ನನಗೆ ಗಟ್ಟಿಯಾಗಿರುವ ವಿಷಯ ಒಂದೇ. ಅರ್ಧಕ್ಕಿಂತ ಜಾಸ್ತಿ ಸಲ ಸೂಜಿ ಚುಚ್ಚುವುದು ಇಂಜೆಕ್ಷನ್ ಕೊಡುವಾಗ ಅಲ್ಲ, ಕೊಟ್ಟಾದ ಮೇಲೆ. ಚುಚ್ಚುವಾಗ ಎಲ್ಲರ ಗಮನವೂ ಸೂಜಿಯ ಮೇಲೇ ಇರುತ್ತದೆ. ಸೂಜಿ ಹೊರಗೆ ಬಂದ ತಕ್ಷಣ ಕೆಲಸ ಮುಗಿಯಿತು ಅಂತ ಮನಸ್ಸು ಬೇರೆ ಕಡೆ ಹೋಗುತ್ತದೆ. ರಕ್ತ ಹತ್ತಿದ ಸೂಜಿ ಮಾತ್ರ ಇನ್ನೂ ಕೈಯಲ್ಲೇ ಇರುತ್ತದೆ.

ಐವಿ, ಅಂದರೆ ಡ್ರಿಪ್ ಕೊಡಲು ರಕ್ತನಾಳಕ್ಕೆ ನಳಿಕೆ ಹಾಕುವುದನ್ನೇ ನೋಡಿ. ಕ್ಯಾನುಲಾ (ಒಳಗೆ ಸೂಜಿ ಇರುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಒಳಗೆ ಹೋಯಿತು, ರಕ್ತ ಕಾಣಿಸಿತು. ಒಂದು ಕೈಯಲ್ಲಿ ರಕ್ತನಾಳ ಒತ್ತಿ ಹಿಡಿದಿದ್ದೀರಿ, ಇನ್ನೊಂದು ಕೈಯಲ್ಲಿ ಒಳಗಿನ ಸೂಜಿ ಎಳೆದಿದ್ದೀರಿ. ಈಗ ಕ್ಯಾನುಲಾದ ಬಾಯಿ ಮುಚ್ಚಬೇಕು, ಟೇಪ್ ಅಂಟಿಸಬೇಕು, ರೋಗಿ ಬೇರೆ ಕೈ ಅಲ್ಲಾಡಿಸುತ್ತಿದ್ದಾರೆ. ನಿಮಗಿರುವುದು ಎರಡೇ ಕೈ. ಸೂಜಿ ಎಲ್ಲಿಗೆ ಹೋಗುತ್ತದೆ? ಹಾಸಿಗೆ ಮೇಲೆ. "ಒಂದ್ ನಿಮಿಷ ಅಷ್ಟೇ, ಆಮೇಲೆ ತೆಗೀತೀನಿ" ಅನ್ನುವ ಲೆಕ್ಕದಲ್ಲಿ. ಅಷ್ಟರಲ್ಲಿ ಯಾರೋ ಕರೆಯುತ್ತಾರೆ, ಡ್ರಿಪ್ ಹರಿಯುತ್ತಿಲ್ಲ ಅನ್ನುತ್ತಾರೆ, ಸೂಜಿ ಬೆಡ್‌ಶೀಟಿನ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಅದು ಚುಚ್ಚುವುದು ನಿಮಗೇ ಆಗಬೇಕೆಂದಿಲ್ಲ. ಶೀಟ್ ಬದಲಾಯಿಸುವವರಿಗೆ ಚುಚ್ಚಬಹುದು, ಇಲ್ಲವೇ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವವರಿಗೆ.

ಆದ್ದರಿಂದ ಹುಷಾರಾಗಿರೋದು ಅಂದರೆ ಇಷ್ಟು: ಸೂಜಿಯ ಕ್ಯಾಪ್ ತೆಗೆಯುವ ಮೊದಲೇ, ಇದು ಆಮೇಲೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿಕೊಂಡಿರಬೇಕು. ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿ, ಅಂದರೆ ಶಾರ್ಪ್ಸ್ ಬಾಕ್ಸ್, ನಿಮ್ಮ ಕೈಗೆ ಎಟಕುವಷ್ಟು ಹತ್ತಿರ ಇರಬೇಕು. ವಾರ್ಡಿನ ಆ ತುದಿಯಲ್ಲಿ ಗೋಡೆಗೆ ನೇತುಹಾಕಿದ್ದರೆ ನಿಮ್ಮ ಪಾಲಿಗೆ ಅದು ಇಲ್ಲದ ಹಾಗೇ. ಟ್ರೇ ಸಿದ್ಧ ಮಾಡುವಾಗ ಹತ್ತಿ, ಸ್ಪಿರಿಟ್, ಟೇಪ್ ಇಟ್ಟುಕೊಳ್ಳುತ್ತೀರಲ್ಲ, ಆಗಲೇ ಚಿಕ್ಕ ಶಾರ್ಪ್ಸ್ ಬಾಕ್ಸನ್ನೂ ಇಟ್ಟುಕೊಳ್ಳಿ. ಟೇಪ್ ಮೊದಲೇ ಕತ್ತರಿಸಿ ಟ್ರೇ ಅಂಚಿಗೆ ಅಂಟಿಸಿಡಿ. ರೋಗಿ ಅಲ್ಲಾಡುವವರಾದರೆ, ಮಕ್ಕಳಾದರೆ, ಗಾಬರಿಯಲ್ಲಿದ್ದರೆ, ಹಿಡಿದುಕೊಳ್ಳಲು ಇನ್ನೊಬ್ಬರನ್ನು ಮೊದಲೇ ಕರೆಯಿರಿ. ಕರೆಯುವುದಕ್ಕೆ ಸಂಕೋಚ ಬೇಡ. ಬೆಳಕು ಸಾಲದಿದ್ದರೆ ಲೈಟ್ ಹಾಕಿಸಿ. ರಾತ್ರಿ ಡ್ಯೂಟಿಯಲ್ಲಿ ರೋಗಿಗಳ ನಿದ್ದೆ ಕೆಡಬಾರದು ಅಂತ ಮಬ್ಬು ಬೆಳಕಿನಲ್ಲೇ ಸ್ಯಾಂಪಲ್ ತೆಗೆಯುವವರನ್ನು ನೋಡಿದ್ದೇನೆ. ಅವರ ಕಾಳಜಿ ಒಳ್ಳೆಯದೇ, ಆದರೆ ಅದು ಅಪಾಯದ ಕೆಲಸ.

ಇನ್ನು ಕ್ಯಾಪ್ ವಿಷಯ. ಬಳಸಿದ ಸೂಜಿಗೆ ಎರಡು ಕೈಯಲ್ಲಿ ಕ್ಯಾಪ್ ಹಾಕಬೇಡಿ. ಒಂದು ಕೈ ಸೂಜಿ ತರುತ್ತದೆ, ಇನ್ನೊಂದು ಕ್ಯಾಪ್ ತರುತ್ತದೆ, ಸ್ವಲ್ಪ ತಪ್ಪಿದರೆ ಕ್ಯಾಪ್ ಹಿಡಿದ ಬೆರಳೇ ಸಿಗುತ್ತದೆ. ಸೂಜಿ, ಸಿರಿಂಜ್ ಬೇರೆ ಮಾಡಲು ಕೈಯಿಂದ ತಿರುಗಿಸುವುದು, ಸೂಜಿ ಬಗ್ಗಿಸುವುದು ಕೂಡ ಬೇಡ. ಕ್ಯಾಪ್ ಹಾಕದೆ ಬೇರೆ ದಾರಿಯೇ ಇಲ್ಲ ಅನ್ನುವ ಸಂದರ್ಭ ಅಪರೂಪಕ್ಕೆ ಬರುತ್ತದೆ. ಆಗ ಕ್ಯಾಪನ್ನು ಟ್ರೇ ಮೇಲೆ ಮಲಗಿಸಿಡಿ. ಒಂದೇ ಕೈಯಲ್ಲಿ ಸಿರಿಂಜ್ ಹಿಡಿದು ಸೂಜಿಯನ್ನು ಕ್ಯಾಪಿನೊಳಗೆ ತೂರಿಸಿ, ಹಾಗೇ ಮೇಲಕ್ಕೆತ್ತಿ. ಕ್ಯಾಪ್ ಸೂಜಿಯನ್ನು ಪೂರ್ತಿ ಮುಚ್ಚಿದ ಮೇಲೆ ಗಟ್ಟಿಯಾದ ಮೇಲ್ಮೈಗೆ ಒತ್ತಿ ಬಿಗಿ ಮಾಡಿ. ಇನ್ನೊಂದು ಕೈ ಅಲ್ಲಿಯವರೆಗೂ ಬೆನ್ನ ಹಿಂದೆ ಇರಲಿ. ಇದನ್ನು ಈ ವಾರವೇ ಹೊಸ ಸೂಜಿಯಲ್ಲಿ ಅಭ್ಯಾಸ ಮಾಡಿ, ಕೈಗೆ ರೂಢಿಯಾಗಬೇಕು.

ರಕ್ತದ ಸ್ಯಾಂಪಲ್ ತೆಗೆಯುವಾಗ ಇನ್ನೆರಡು ಜಾಗದಲ್ಲಿ ಎಚ್ಚರ ಬೇಕು. ಸಿರಿಂಜಿನಿಂದ ಟ್ಯೂಬಿಗೆ ರಕ್ತ ಹಾಕುವಾಗ ಟ್ಯೂಬನ್ನು ಕೈಯಲ್ಲಿ ಹಿಡಿದು ಮುಚ್ಚಳಕ್ಕೆ ಸೂಜಿ ಚುಚ್ಚುವವರು ತುಂಬಾ ಜನ. ಸೂಜಿ ಜಾರಿದರೆ ಟ್ಯೂಬ್ ಹಿಡಿದ ಕೈಗೇ ನೇರ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ನೇರವಾಗಿ ಟ್ಯೂಬಿಗೇ ರಕ್ತ ಬರುವ ಹೋಲ್ಡರ್ ಇದ್ದರೆ ಅದನ್ನೇ ಬಳಸಿ, ಈ ತಾಪತ್ರಯವೇ ಇರುವುದಿಲ್ಲ. ಎರಡನೆಯದು ಬಟರ್‌ಫ್ಲೈ ಸೂಜಿ. ಅದರ ಟ್ಯೂಬ್ ಸುತ್ತಿಕೊಳ್ಳುವ ಗುಣದ್ದು. ಸೂಜಿ ಹೊರಗೆಳೆದು ಟ್ಯೂಬ್ ತುದಿ ಹಿಡಿದುಕೊಂಡು ಬಾಕ್ಸಿನ ಕಡೆ ತಿರುಗಿದಿರಿ ಅಂದರೆ ಸೂಜಿ ತೂಗಾಡಿ ವಾಪಸ್ ನಿಮ್ಮ ಮಣಿಕಟ್ಟಿಗೇ ಬರಬಹುದು. ರೆಕ್ಕೆಯ ಹತ್ತಿರವೇ ಹಿಡಿದು ಮೊದಲು ಸೂಜಿಯನ್ನು ಬಾಕ್ಸಿಗೆ ಇಳಿಸಿ, ಟ್ಯೂಬ್ ಹಿಂದೆ ಬರಲಿ.

ಆಪರೇಷನ್ ಥಿಯೇಟರ್ ಲೆಕ್ಕ ಬೇರೆ. ಅಲ್ಲಿ ಹೊಲಿಗೆ ಹಾಕುವಾಗಲೇ ಚುಚ್ಚುವುದು ಜಾಸ್ತಿ. ಸೂಜಿ, ಬ್ಲೇಡ್ ಕೈಯಿಂದ ಕೈಗೆ ಕೊಡದೆ ನಡುವೆ ಒಂದು ಟ್ರೇಯಲ್ಲಿಟ್ಟು ತೆಗೆದುಕೊಳ್ಳುವುದು, ಎರಡು ಜೊತೆ ಗ್ಲೌಸ್ ಹಾಕುವುದು, ಬೆರಳಿನ ಬದಲು ಫೋರ್ಸೆಪ್ಸಿನಲ್ಲಿ ಸೂಜಿ ಹಿಡಿಯುವುದು ಅಲ್ಲಿನ ಕ್ರಮ. ನಿಮಗೆ ಆ ಪೋಸ್ಟಿಂಗ್ ಬಂದಾಗ ನೋಡಿ ಕಲಿಯುತ್ತೀರಿ.

ಗ್ಲೌಸ್ ಹಾಕಿದ್ದರೆ ಸೂಜಿ ಚುಚ್ಚುವುದಿಲ್ಲ ಅಂತ ಅಂದುಕೊಳ್ಳಬೇಡಿ, ಸುಲಭವಾಗಿ ಚುಚ್ಚುತ್ತದೆ. ಆದರೂ ಹಾಕಲೇಬೇಕು. ಸೂಜಿಗೆ ಅಂಟಿದ ರಕ್ತವನ್ನು ಗ್ಲೌಸ್ ಸ್ವಲ್ಪ ಒರೆಸಿಕೊಳ್ಳುತ್ತದೆ, ಒಳಗೆ ಹೋಗುವ ಪ್ರಮಾಣ ಕಮ್ಮಿಯಾಗುತ್ತದೆ. ಇನ್ನೊಂದು ಮಾತು: "ಇವರಿಗೆ ಎಚ್‌ಐವಿ ಇದೆ, ಹುಷಾರು" ಅಂತ ಯಾರಾದರೂ ಪಿಸುಗುಟ್ಟಿದರೆ, ಉಳಿದ ರೋಗಿಗಳ ಹತ್ತಿರ ಅಷ್ಟು ಹುಷಾರು ಬೇಡ ಅಂತಲೇ ಅರ್ಥ ಆಗಿಬಿಡುತ್ತದೆ. ಯಾರ ರಕ್ತದಲ್ಲಿ ಏನಿದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ, ಎಷ್ಟೋ ಸಲ ರೋಗಿಗೇ ಗೊತ್ತಿರುವುದಿಲ್ಲ. ಎಲ್ಲರ ರಕ್ತಕ್ಕೂ ಒಂದೇ ಎಚ್ಚರಿಕೆ ಅನ್ನುವ ನಿಯಮವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1987ರಲ್ಲೇ ಹೇಳಿತು. ಅದು ರೋಗಿಯ ಮರ್ಯಾದೆಯನ್ನೂ ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ.

ಶಾರ್ಪ್ಸ್ ಬಾಕ್ಸ್ ಮುಕ್ಕಾಲು ತುಂಬಿದರೆ ಮುಚ್ಚಿ ಬದಲಾಯಿಸಬೇಕು. ತುಂಬಿ ತುಳುಕುವ ಬಾಕ್ಸಿಗೆ ಇನ್ನೊಂದು ಸೂಜಿ ತುರುಕಲು ಹೋದಾಗ ಒಳಗಿನ ಸೂಜಿ ಮೇಲೆದ್ದು ಚುಚ್ಚುತ್ತದೆ. ಕಸದ ಚೀಲಕ್ಕಂತೂ ಯಾವತ್ತೂ ಹಾಕಬೇಡಿ. ಇದರ ಬಗ್ಗೆ ನನಗೆ ತುಂಬಾ ನೋವಿದೆ. ಹೌಸ್‌ಕೀಪಿಂಗ್‌ನವರು ಒಂದು ಇಂಜೆಕ್ಷನ್ ಕೂಡ ಕೊಡುವುದಿಲ್ಲ, ಆದರೂ ಬೆರಳು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಚೀಲದೊಳಗಿದ್ದ ಸೂಜಿ ಯಾವ ರೋಗಿಯದು ಅಂತ ಹೇಳುವವರಿಲ್ಲ, ಟೆಸ್ಟ್ ಮಾಡಿಸೋಣ ಅಂದರೆ ಯಾರಿಗೆ ಮಾಡಿಸುವುದು? ಎಷ್ಟೋ ಕಡೆ ಅವರಿಗೆ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ, ಲಿವರ್‌ಗೆ ಹಾನಿ ಮಾಡುವ ವೈರಸ್ ಸೋಂಕು) ಲಸಿಕೆಯೂ ಆಗಿರುವುದಿಲ್ಲ. ಸೂಜಿ ಬಳಸಿದವರೇ ಅದನ್ನು ಬಾಕ್ಸಿಗೆ ಹಾಕಬೇಕು. "ಆಮೇಲೆ ಅವರು ಕ್ಲೀನ್ ಮಾಡ್ತಾರೆ" ಅನ್ನುವ ಮಾತು ನಿಮ್ಮ ಬಾಯಲ್ಲಿ ಬರದಿರಲಿ.

ಎಲ್ಲವನ್ನೂ ನರ್ಸಿನ ಎಚ್ಚರಿಕೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಒಬ್ಬರೇ ಇಡೀ ವಾರ್ಡ್ ನೋಡಿಕೊಳ್ಳುವಾಗ, ಡ್ಯೂಟಿ ಮೇಲೆ ಡ್ಯೂಟಿ ಮಾಡುವಾಗ ಎಂಥವರ ಕೈಯೂ ತಪ್ಪುತ್ತದೆ. ಅದಕ್ಕೇ ಬಳಸಿದ ತಕ್ಷಣ ತುದಿ ಮುಚ್ಚಿಕೊಳ್ಳುವ, ಒಳಗೆ ಸರಿಯುವ ಸೂಜಿಗಳು ಬಂದಿವೆ. ಅಮೆರಿಕದಲ್ಲಿ 2000ರಲ್ಲಿ ಇಂಥ ಸೂಜಿಗಳನ್ನೇ ಕೊಡಬೇಕೆಂದು ಕಾನೂನು ಬಂತು. ಮುಂದಿನ ವರ್ಷವೇ ಅಲ್ಲಿನ ಆಸ್ಪತ್ರೆಗಳಲ್ಲಿ ಚುಚ್ಚುಗಾಯಗಳು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದವು. ನಿಮ್ಮ ವಾರ್ಡಿನಲ್ಲಿ ಅಂಥ ಸೂಜಿ ಇದ್ದರೆ ಅದರ ಲಾಕ್ ಹೇಗೆ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಲಾಕ್ ಒತ್ತದೆ ಬಿಟ್ಟರೆ ಅದೂ ಮಾಮೂಲಿ ಸೂಜಿಯೇ.

ಈಗ ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ನೀವು ಎಚ್‌ಐವಿಗೆ ಹೆದರಿದ್ದೀರಿ. ನಾನು ಮೊದಲು ಕೇಳುವುದು ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ. ಎಚ್‌ಐವಿ ಇರುವವರ ರಕ್ತ ಹತ್ತಿದ ಸೂಜಿ ಚುಚ್ಚಿದರೆ, ಔಷಧಿ ತೆಗೆದುಕೊಳ್ಳದಿದ್ದರೂ ಸೋಂಕು ಬರುವ ಸಾಧ್ಯತೆ ಸುಮಾರು 0.3%. ಅಂದರೆ ಸಾವಿರಕ್ಕೆ ಮೂರು. ಲಿವರ್‌ಗೇ ಬರುವ ಇನ್ನೊಂದು ವೈರಸ್ ಸೋಂಕು ಹೆಪಟೈಟಿಸ್ ಸಿಗೆ ಹಳೆಯ ಲೆಕ್ಕದಲ್ಲಿ 1.8% ಅನ್ನುತ್ತಿದ್ದರು, ಈಚಿನ ಅಧ್ಯಯನಗಳಲ್ಲಿ 0.2%ರ ಆಸುಪಾಸು ಬಂದಿದೆ. ಹೆಪಟೈಟಿಸ್ ಬಿ ಮಾತ್ರ, ಲಸಿಕೆ ಆಗದವರಿಗೆ, 6ರಿಂದ 30%. ಆ ವೈರಸ್ ಒಣಗಿದ ರಕ್ತದಲ್ಲೂ ಒಂದು ವಾರ ಬದುಕಿರುತ್ತದೆ. ಆದರೆ ಮೂರರಲ್ಲಿ ಲಸಿಕೆ ಇರುವುದು ಅದೊಂದಕ್ಕೇ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಗೆ ಹೆಪಟೈಟಿಸ್ ಬಿ ತಗುಲುತ್ತಿತ್ತು. ಲಸಿಕೆ ಮತ್ತು ಎಚ್ಚರಿಕೆಯ ಕ್ರಮಗಳು ಬಂದ ಮೇಲೆ, 1990ರ ದಶಕದ ಮಧ್ಯದ ಹೊತ್ತಿಗೆ, ಅದು ನಾನೂರರ ಸುಮಾರಿಗೆ ಇಳಿಯಿತು.

ಈ ಲಸಿಕೆ ಸಾಮಾನ್ಯವಾಗಿ ಮೂರು ಡೋಸ್: ಇವತ್ತು ಒಂದು, ತಿಂಗಳ ನಂತರ ಒಂದು, ಆರು ತಿಂಗಳಿಗೆ ಒಂದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆ್ಯಂಟಿಬಾಡಿ (ಲಸಿಕೆಯಿಂದ ಹುಟ್ಟುವ ರೋಗನಿರೋಧಕ ಅಂಶ) ಎಷ್ಟಿದೆ ಅಂತ ನೋಡಿಸಬೇಕು. ರಿಪೋರ್ಟಿನಲ್ಲಿ 10 mIU/mL ಅಥವಾ ಜಾಸ್ತಿ ಇದ್ದರೆ ರಕ್ಷಣೆ ಇದೆ. ಕಮ್ಮಿ ಬಂದರೆ ಮತ್ತೆ ಡೋಸ್ ಹಾಕಿಸುತ್ತಾರೆ. ಲಸಿಕೆ ಹಾಕಿಸಿಕೊಂಡು ಈ ಟೆಸ್ಟ್ ಮಾಡಿಸದೆ ಬಿಡುವವರೇ ಜಾಸ್ತಿ. ನೀವು ಮಾಡಿಸಿ.

ಇಷ್ಟೆಲ್ಲಾ ನೋಡಿಕೊಂಡರೂ ಚುಚ್ಚಿತು ಅಂದುಕೊಳ್ಳಿ. ಕೈಯಲ್ಲಿರುವ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ. ಗ್ಲೌಸ್ ತೆಗೆದು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬೆರಳು ಹಿಂಡಬೇಡಿ, ಬಾಯಿಗಿಡಬೇಡಿ, ಬ್ಲೀಚ್ ಹಚ್ಚಬೇಡಿ. ರಕ್ತ ಕಣ್ಣಿಗೆ ಸಿಡಿದಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಸೋಪು ಬೇಡ. ತಕ್ಷಣ ಮೇಲಿನವರಿಗೆ ತಿಳಿಸಿ, ಡಾಕ್ಟರ್ ಹತ್ತಿರ ಹೋಗಿ. ಡ್ಯೂಟಿ ಮುಗಿಯಲಿ ಅಂತ ಕಾಯಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾಗಿದ್ದರೆ ಕೆಲವೇ ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲವೆಂದೇ ಲೆಕ್ಕ. ರೋಗಿಯ ರಿಪೋರ್ಟ್ ಬರಲಿ ಅಂತ ಮೊದಲ ಡೋಸ್ ತಡ ಮಾಡುವುದಿಲ್ಲ. ರಿಪೋರ್ಟ್ ನೆಗೆಟಿವ್ ಬಂದರೆ ನಿಲ್ಲಿಸಿದರಾಯಿತು, ಇಲ್ಲದಿದ್ದರೆ 28 ದಿನ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗಿದ್ದ ಒಂದೇ ಒಂದು ಹಳೆಯ ಔಷಧಿಯೂ ಅಪಾಯವನ್ನು ಸುಮಾರು 81% ಇಳಿಸಿದ್ದು ಕಂಡುಬಂತು. ಈಗ ಕೊಡುವುದು ಮೂರು ಔಷಧಿ ಸೇರಿಸಿ, ಅಡ್ಡಪರಿಣಾಮವೂ ಕಮ್ಮಿ. 1985ರಿಂದ 2013ರವರೆಗೆ ಅಮೆರಿಕದಲ್ಲಿ ಕೆಲಸದಿಂದಲೇ ಎಚ್‌ಐವಿ ಬಂದದ್ದು ಖಚಿತವಾದ ಆರೋಗ್ಯ ಸಿಬ್ಬಂದಿ 58 ಜನ, 1999ರ ನಂತರ ಬರೀ ಒಬ್ಬರು.

ಹೆಪಟೈಟಿಸ್ ಬಿ ರಕ್ಷಣೆ ಇಲ್ಲದವರಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಆ್ಯಂಟಿಬಾಡಿ) ಇಂಜೆಕ್ಷನ್ ಮತ್ತು ಲಸಿಕೆ ಕೊಡುತ್ತಾರೆ, ಆದಷ್ಟು 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ಮುಂಚಿತ ಔಷಧಿ ಇಲ್ಲ, ಕಾದು ಟೆಸ್ಟ್ ಮಾಡಬೇಕು. ಬಂದರೂ 8-12 ವಾರದ ಮಾತ್ರೆಯಲ್ಲಿ 95%ಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿಯಾಗುತ್ತದೆ. ಟೆಸ್ಟುಗಳೆಲ್ಲ ಮುಗಿಯುವವರೆಗೆ ರಕ್ತದಾನ ಬೇಡ, ಸಂಗಾತಿಯ ಜೊತೆ ಕಾಂಡೋಮ್ ಬಳಸಿ. ಆ ಕೆಲವು ತಿಂಗಳು ಮನಸ್ಸಿಗೆ ಕಷ್ಟ. ನನ್ನ ಹತ್ತಿರ ಬರುವವರಲ್ಲಿ ಮಾತ್ರೆಗಿಂತ ಆ ಕಾಯುವಿಕೆಯೇ ಜಾಸ್ತಿ ಸುಸ್ತು ಮಾಡುತ್ತದೆ. ನಂಬುವ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ.

ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಚುಚ್ಚಿದ್ದನ್ನು ಬರೆಸದೆ ಬಿಟ್ಟರೆ ಮಾತ್ರೆಯ ಸಮಯ ಕಳೆದುಹೋಗುತ್ತದೆ, ನಾಳೆ ಸೋಂಕು ಕಂಡರೆ ಅದು ಕೆಲಸದಿಂದ ಬಂತು ಅನ್ನಲು ದಾಖಲೆಯೂ ಇರುವುದಿಲ್ಲ. ಸೀನಿಯರ್ "ಬೇಗ ಕ್ಯಾಪ್ ಹಾಕಿ ಕೊಡು" ಅಂದರೆ ವಾದ ಬೇಡ. "ಬಾಕ್ಸ್ ಇಲ್ಲೇ ತಂದಿದ್ದೀನಿ ಸಿಸ್ಟರ್, ಹಾಕಿಬಿಡ್ತೀನಿ" ಅಂತ ಹೇಳಿ ಹಾಕಿಬಿಡಿ. ಬಾಕ್ಸ್ ಪಕ್ಕದಲ್ಲೇ ಇದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಪೋಸ್ಟಿಂಗ್‌ನ ಮೊದಲ ದಿನವೇ ವಾರ್ಡ್ ಇನ್‌ಚಾರ್ಜ್ ಹತ್ತಿರ ಮೂರು ವಿಷಯ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸೂಜಿ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು, ರಾತ್ರಿ ಮತ್ತು ರಜಾದಿನ ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಎಲ್ಲಿ ಸಿಗುತ್ತದೆ, ವಿದ್ಯಾರ್ಥಿಗಳ ಟೆಸ್ಟಿನ ಖರ್ಚು ಯಾರದು. ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಕಾಲೇಜಿನಲ್ಲಿ ಕೇಳಿ, ಲಿಖಿತವಾಗಿಯೇ ಕೇಳಿ. ಹೆಪಟೈಟಿಸ್ ಬಿ ಲಸಿಕೆಯ ಡೋಸ್ ಎಲ್ಲ ಆಗಿದ್ದರೆ ಆ್ಯಂಟಿಬಾಡಿ ಟೆಸ್ಟಿಗೆ ಮಾತ್ರ ಪೋಸ್ಟಿಂಗ್ ಶುರುವಾಗುವವರೆಗೆ ಕಾಯಬೇಡಿ, ಈ ವಾರವೇ ರಕ್ತ ಕೊಟ್ಟು ಬನ್ನಿ.